ಡಿಜಿಟಲ್ ಅರೆಸ್ಟ್: ‘ಯಾರಿಗೂ ಹೇಳಬೇಡಿ’ ಎಂಬ ಮಾತಿನ ಬಲ

ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಒಂದು ಪ್ರಕರಣವನ್ನು ಕೈಗೆತ್ತಿಕೊಂಡಿತು. ಹರಿಯಾಣದ ಅಂಬಾಲದ ವೃದ್ಧ ದಂಪತಿಯಿಂದ ವಂಚಕರು ಒಂದು ಕೋಟಿ ರೂಪಾಯಿಗೂ ಹೆಚ್ಚು ಹಣ ದೋಚಿದ್ದರು. ಆ ದಂಪತಿಯನ್ನು ನಂಬಿಸಲು ಅವರು ಬಳಸಿದ್ದು ಸರ್ವೋಚ್ಚ ನ್ಯಾಯಾಲಯದ ಹೆಸರಿನಲ್ಲೇ ಸೃಷ್ಟಿಸಿದ ನಕಲಿ ಆದೇಶಗಳನ್ನು. ತನ್ನ ಮುದ್ರೆಯೇ ಕಳ್ಳರ ಕೈಯಲ್ಲಿ ಆಯುಧವಾದುದನ್ನು ಕಂಡು ನ್ಯಾಯಾಲಯ ಕಳವಳಗೊಂಡಿತು. ಡಿಸೆಂಬರ್ 1ರಂದು ದೇಶದಾದ್ಯಂತ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು.

‘ಡಿಜಿಟಲ್ ಅರೆಸ್ಟ್’ ಎಂಬ ಪದಕ್ಕೆ ನಮ್ಮ ಯಾವ ಕಾನೂನು ಪುಸ್ತಕದಲ್ಲಿಯೂ ಸ್ಥಾನವಿಲ್ಲ. ಆದರೂ ಅದು ಈಗ ಮನೆಮಾತು. ಸಂಸತ್ತಿಗೆ ಕೇಂದ್ರ ಗೃಹ ಸಚಿವಾಲಯ ನೀಡಿದ ಅಂಕಿ ಅಂಶಗಳ ಪ್ರಕಾರ, ಡಿಜಿಟಲ್ ಅರೆಸ್ಟ್ ಮತ್ತು ಅದಕ್ಕೆ ಸಂಬಂಧಿಸಿದ ಅಪರಾಧಗಳ ದೂರುಗಳು 2022ರಲ್ಲಿ 39,925 ಇದ್ದವು. ಕಳೆದುಹೋದ ಹಣ 91.14 ಕೋಟಿ ರೂಪಾಯಿ. 2024ರಲ್ಲಿ ದೂರುಗಳು 1,23,672ಕ್ಕೆ ಏರಿದವು, ಹಣ 1,935.51 ಕೋಟಿಗೆ ಮುಟ್ಟಿತು. ಎರಡು ವರ್ಷಗಳಲ್ಲಿ ದೂರುಗಳು ಮೂರು ಪಟ್ಟಾದರೆ ಹಣ ಇಪ್ಪತ್ತೊಂದು ಪಟ್ಟಾಯಿತು. ಸರಾಸರಿ ತೆಗೆದರೆ ಪ್ರತಿ ದೂರಿನ ಹಿಂದಿನ ನಷ್ಟ ಸುಮಾರು ಇಪ್ಪತ್ತಮೂರು ಸಾವಿರದಿಂದ ಒಂದೂವರೆ ಲಕ್ಷಕ್ಕೂ ಮೇಲೆ ಹೋಗಿದೆ. ವಂಚಕರು ಈಗ ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಓಡುವ ಜೇಬುಗಳ್ಳರಾಗಿ ಉಳಿದಿಲ್ಲ. ಒಬ್ಬ ವ್ಯಕ್ತಿಯ ಬಳಿ ದಿನಗಟ್ಟಲೆ ಕುಳಿತು, ಆತನ ಬದುಕಿನ ಉಳಿತಾಯವನ್ನೆಲ್ಲ ಸಾವಕಾಶವಾಗಿ ಹಿಂಡುವ ಕಲೆಯನ್ನು ಅವರು ಕಲಿತಿದ್ದಾರೆ.

ಇಂಥ ಸುದ್ದಿ ಓದಿದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: ಓದಿದವರು, ದೊಡ್ಡ ಹುದ್ದೆಯಲ್ಲಿ ಇದ್ದವರು ಹೇಗೆ ಮೋಸಹೋದರು? ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ವೃತ್ತಿಯಲ್ಲಿದ್ದ ಮಹಿಳೆಯೊಬ್ಬರು ತಿಂಗಳುಗಟ್ಟಲೆ ವಂಚಕರ ಹಿಡಿತದಲ್ಲಿದ್ದು, 187 ವರ್ಗಾವಣೆಗಳಲ್ಲಿ 31.83 ಕೋಟಿ ರೂಪಾಯಿ ಕಳೆದುಕೊಂಡ ಪ್ರಕರಣ 2025ರ ನವೆಂಬರ್‌ನಲ್ಲಿ ಬೆಳಕಿಗೆ ಬಂತು. ತಂತ್ರಜ್ಞಾನದ ಅರಿವಿಲ್ಲದ ಕಾರಣ ಮೋಸಹೋದರು ಎಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಉತ್ತರ ಬೇರೆಡೆ ಇದೆ. ಅದನ್ನು ಹುಡುಕಲು ವಂಚಕರು ನೀಡುವ ಒಂದು ಸೂಚನೆಯನ್ನು ಗಮನವಿಟ್ಟು ನೋಡಬೇಕು.

ಕರೆಯ ಕ್ರಮ

ಈ ವಂಚನೆಗೆ ಒಂದು ಸಿದ್ಧ ವಿಧಾನವಿದೆ. ಮೊದಲು ಒಂದು ಕರೆ. ನಿಮ್ಮ ಹೆಸರಿನಲ್ಲಿ ಕಳುಹಿಸಿದ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದೋ, ನಿಮ್ಮ ಆಧಾರ್ ಬಳಸಿ ತೆಗೆದ ಖಾತೆಯ ಮೂಲಕ ಅಕ್ರಮ ಹಣ ಸಾಗಿದೆ ಎಂದೋ, ನಿಮ್ಮ ಸಿಮ್ ಇನ್ನೆರಡು ಗಂಟೆಗಳಲ್ಲಿ ಸ್ಥಗಿತವಾಗಲಿದೆ ಎಂದೋ ಒಂದು ಗಂಭೀರ ಧ್ವನಿ ಹೇಳುತ್ತದೆ. ‘ಇದು ಪೊಲೀಸರ ವಿಷಯ, ಅವರಿಗೇ ಕರೆ ವರ್ಗಾಯಿಸುತ್ತೇನೆ’ ಎನ್ನುತ್ತದೆ. ಅನಂತರ ವಿಡಿಯೊ ಕರೆ. ಪರದೆಯ ಮೇಲೆ ಸಮವಸ್ತ್ರ ತೊಟ್ಟ ಅಧಿಕಾರಿ, ಹಿಂದೆ ಲಾಂಛನ, ರಾಷ್ಟ್ರಧ್ವಜ, ಕಡತಗಳ ರಾಶಿ. ವಾಟ್ಸ್‌ಆ್ಯಪ್‌ಗೆ ಎಫ್ಐಆರ್ ಬರುತ್ತದೆ, ವಾರಂಟ್ ಬರುತ್ತದೆ. ಲೂಧಿಯಾನದ ಹೆಸರಾಂತ ಜವಳಿ ಉದ್ಯಮಿಯೊಬ್ಬರಿಗೆ 2024ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಕಲಿ ವಿಚಾರಣೆಯನ್ನೇ ಏರ್ಪಡಿಸಿ ಏಳು ಕೋಟಿ ರೂಪಾಯಿ ದೋಚಲಾಗಿತ್ತು.

ಅದಾದ ಮೇಲೆ ಆಜ್ಞೆಗಳು. ಕ್ಯಾಮೆರಾ ಆರಿಸಬಾರದು. ಮೊಬೈಲನ್ನು ಚಾರ್ಜಿಗೆ ಹಾಕಿ ಎದುರಿಗೇ ಇಟ್ಟುಕೊಂಡಿರಬೇಕು. ರಾತ್ರಿ ಹಾಸಿಗೆಯ ಪಕ್ಕದಲ್ಲೂ ಅದು ನೋಡುತ್ತಿರಬೇಕು. ಸ್ನಾನಕ್ಕೆ ಹೋಗಬೇಕಾದರೂ ಅನುಮತಿ ಕೇಳಬೇಕು. ಬ್ಯಾಂಕಿನಲ್ಲಿರುವ ಹಣವನ್ನು ‘ಪರಿಶೀಲನೆ’ಗಾಗಿ ಸರ್ಕಾರದ ಸುರಕ್ಷಿತ ಖಾತೆಗೆ ಹಾಕಬೇಕು, ನಿರಪರಾಧಿ ಎಂದು ಸಾಬೀತಾದರೆ ಎರಡು ದಿನದಲ್ಲಿ ವಾಪಸು ಬರುತ್ತದೆ. ಬ್ಯಾಂಕಿನವರು ಏಕೆ ಎಂದು ಕೇಳಿದರೆ ‘ನಿವೇಶನ ಕೊಳ್ಳುತ್ತಿದ್ದೇನೆ’ ಎನ್ನಬೇಕು. ಹಾಗೆ ಹೋದ ಹಣ ಹತ್ತಾರು ಬಾಡಿಗೆ ಖಾತೆಗಳಲ್ಲಿ ಹಂಚಿಹೋಗಿ, ಕ್ಷಣಾರ್ಧದಲ್ಲಿ ದೇಶದ ಗಡಿ ದಾಟುತ್ತದೆ.

ಈ ಎಲ್ಲ ಆಜ್ಞೆಗಳ ನಡುವೆ ಒಂದು ಮಾತು ಪ್ರತಿ ಪ್ರಕರಣದಲ್ಲೂ ತಪ್ಪದೆ ಕಾಣಿಸುತ್ತದೆ: ‘ಯಾರಿಗೂ ಹೇಳಬೇಡಿ.’ ಇದು ರಾಷ್ಟ್ರೀಯ ಭದ್ರತೆಯ ವಿಷಯ, ಗಂಡನಿಗೂ ಹೇಳಕೂಡದು, ಮಕ್ಕಳಿಗೆ ಹೇಳಿದರೆ ಅವರನ್ನೂ ಬಂಧಿಸುತ್ತೇವೆ ಎಂಬ ಬೆದರಿಕೆ. ಸಮವಸ್ತ್ರ, ಲಾಂಛನ, ಸುಳ್ಳು ಆದೇಶ ಇವೆಲ್ಲ ಭಯ ಹುಟ್ಟಿಸುವ ಸಾಧನಗಳು. ಆ ಭಯವನ್ನು ಮೂರು ದಿನ, ಹತ್ತು ದಿನ, ಆರು ತಿಂಗಳು ಜೀವಂತವಾಗಿಡುವುದು ಮಾತ್ರ ಈ ಒಂದು ಮಾತು.

ವಂಚಕನಿಗೆ ಗೊತ್ತಿರುವ ಸತ್ಯವೊಂದಿದೆ. ಪಕ್ಕದ ಮನೆಯವರು ಬಾಗಿಲು ತಟ್ಟಿ, ‘ಏನ್ರೀ, ಎರಡು ದಿನದಿಂದ ಕಾಣಿಸಲೇ ಇಲ್ಲ, ಮೈಗೆ ಹುಷಾರಿಲ್ಲವೇ?’ ಎಂದು ಕೇಳಿದರೆ ಅವನು ಕಟ್ಟಿದ ಠಾಣೆ, ನ್ಯಾಯಾಲಯ, ಸೆರೆಮನೆ ಎಲ್ಲವೂ ಆ ಕ್ಷಣವೇ ಕುಸಿಯುತ್ತವೆ. ಆದ್ದರಿಂದ ಅವನು ಮೊದಲು ಕಡಿಯುವುದು ಆ ಬಾಗಿಲಿನ ಸಂಬಂಧವನ್ನು. ಹಲವರ ವಿಷಯದಲ್ಲಿ ಆ ಕೆಲಸ ಅವನು ಬರುವ ಮೊದಲೇ ಆಗಿಹೋಗಿರುತ್ತದೆ.

ಕಾನೂನು ಹೇಳುವುದೇನು?

ನಿಜವಾದ ಬಂಧನದ ಬಗ್ಗೆ ನಮ್ಮ ಕಾನೂನು ಹೇಳುವ ಮಾತು ಇದಕ್ಕೆ ಪೂರ್ತಿ ವಿರುದ್ಧವಾದುದು ಎಂಬುದು ಗಮನಾರ್ಹ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮಿನ ಪ್ರಕಾರ, ವ್ಯಕ್ತಿ ಮಾತಿನಿಂದಾಗಲಿ ಕ್ರಿಯೆಯಿಂದಾಗಲಿ ತಾನೇ ಶರಣಾಗದಿದ್ದರೆ, ಪೊಲೀಸ್ ಅಧಿಕಾರಿ ಆತನ ಮೈಮುಟ್ಟಿಯೇ ಅಥವಾ ತಡೆಹಿಡಿದೇ ಬಂಧಿಸಬೇಕು. 36ನೇ ಕಲಮು ಇನ್ನೊಂದು ಷರತ್ತು ಹಾಕುತ್ತದೆ. ಬಂಧನದ ಟಿಪ್ಪಣಿಯೊಂದನ್ನು ಬರೆಯಬೇಕು. ಅದಕ್ಕೆ ಕನಿಷ್ಠ ಒಬ್ಬರು ಸಾಕ್ಷಿ ಹಾಕಬೇಕು. ಆ ಸಾಕ್ಷಿ ಕುಟುಂಬದ ಸದಸ್ಯನಾಗಿರಬೇಕು ಇಲ್ಲವೇ ಆ ಪ್ರದೇಶದ ಗೌರವಾನ್ವಿತ ವ್ಯಕ್ತಿಯಾಗಿರಬೇಕು. 48ನೇ ಕಲಮಿನಂತೆ, ಬಂಧಿಸಿದ ವಿಷಯವನ್ನು ಆತನ ಬಂಧುವಿಗೋ ಸ್ನೇಹಿತನಿಗೋ ತಿಳಿಸುವುದು ಪೊಲೀಸರ ಹೊಣೆ. ವಕೀಲರನ್ನು ಕಾಣುವ ಹಕ್ಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ನಿಯಮ ಸಂವಿಧಾನದ 22ನೇ ವಿಧಿಯಲ್ಲಿಯೇ ಇವೆ.

ಈ ನಿಯಮಗಳು ತಾವಾಗಿ ಬಂದವಲ್ಲ. ಠಾಣೆಗಳಲ್ಲಿ ಸತ್ತವರ, ಕಾಣೆಯಾದವರ ನೋವಿನ ಚರಿತ್ರೆಯಿಂದ ಬಂದವು. ಡಿ.ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರ್‌ನಲ್ಲಿ ನೀಡಿದ ಮಾರ್ಗಸೂಚಿಗಳು ಮುಂದೆ ಶಾಸನದ ರೂಪ ಪಡೆದವು. ಒಬ್ಬ ವ್ಯಕ್ತಿ ಅಧಿಕಾರದ ಎದುರು ಏಕಾಂಗಿಯಾಗಿ ನಿಂತಾಗ ಅವನಿಗೆ ಅಪಾಯ ಖಚಿತ, ಆದ್ದರಿಂದ ಅವನ ಪಕ್ಕದಲ್ಲಿ ಮನೆಯವರೋ ನೆರೆಯವರೋ ಇರಲೇಬೇಕು ಎಂಬುದು ಆ ತೀರ್ಪಿನ ಹಿಂದಿನ ತಿಳಿವಳಿಕೆ. ಕಾನೂನು ‘ಯಾರಿಗಾದರೂ ಹೇಳಿ’ ಎನ್ನುತ್ತದೆ. ವಂಚಕ ‘ಯಾರಿಗೂ ಹೇಳಬೇಡಿ’ ಎನ್ನುತ್ತಾನೆ. ಅಸಲಿಗೂ ನಕಲಿಗೂ ಇರುವ ವ್ಯತ್ಯಾಸವನ್ನು ಗುರುತಿಸಲು ಇದಕ್ಕಿಂತ ಸುಲಭವಾದ ಪರೀಕ್ಷೆ ಬೇಕಿಲ್ಲ. ವಾಟ್ಸ್‌ಆ್ಯಪ್ ಮೂಲಕ ಪೊಲೀಸರು ಹಾಜರಾತಿಯ ನೋಟಿಸ್ ಕೊಡುವುದು ಸಿಂಧುವಲ್ಲ ಎಂದು 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿರುವುದನ್ನೂ ಇಲ್ಲಿ ನೆನೆಯಬೇಕು.

ಆದರೆ 43ನೇ ಕಲಮಿನಲ್ಲಿರುವ ಆ ಒಂದು ವಿನಾಯಿತಿಯನ್ನು ಮತ್ತೊಮ್ಮೆ ಓದಿ ನೋಡಿ. ಮಾತಿನಿಂದ ಶರಣಾದವನನ್ನು ಮುಟ್ಟಬೇಕಾಗಿಲ್ಲ. ಸಾವಿರಾರು ಕಿಲೋಮೀಟರ್ ದೂರದಲ್ಲಿ ಕುಳಿತ ಅಪರಿಚಿತ ಬಯಸುವುದೂ ಇಷ್ಟೇ. ಕೋಣೆಗೆ ಬೀಗ ಹಾಕುವವನು ಅವನಲ್ಲ. ಒಳಗಿದ್ದವರೇ ಚಿಲಕ ಹಾಕಿಕೊಂಡು ಕೂರುತ್ತಾರೆ.

ಅಂದು ಕರೆ ಬರುತ್ತಿದ್ದ ಬಗೆ

ಈ ವಂಚನೆ ಮೂವತ್ತು ವರ್ಷಗಳ ಹಿಂದೆ ಏಕೆ ಸಾಧ್ಯವಿರಲಿಲ್ಲ? ವಿಡಿಯೊ ಕರೆ ಇರಲಿಲ್ಲ ಎಂಬುದು ಅರ್ಧ ಉತ್ತರ. ಮಿಕ್ಕ ಅರ್ಧಕ್ಕಾಗಿ ನಮ್ಮ ರಾಜ್ಯದ ದೂರವಾಣಿಯ ಕಥೆಯನ್ನು ಒಮ್ಮೆ ಹಿಂದಿರುಗಿ ನೋಡಬೇಕು.

1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ದೇಶೀಯವಾಗಿ ರೂಪಿಸಿದ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಮೊದಲನೆಯದು 1986ರಲ್ಲಿ ಸ್ಥಾಪನೆಯಾದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಧೂಳು, ಸೆಖೆ ತಡೆದುಕೊಂಡು ಹವಾನಿಯಂತ್ರಣವಿಲ್ಲದೆ ಕೆಲಸ ಮಾಡುವ ಯಂತ್ರವದು. ಅದರ ಹಿಂದೆಯೇ ಊರೂರಿಗೆ ಎಸ್‌ಟಿಡಿ ಬೂತುಗಳು ಬಂದವು. ಹಳದಿ ಫಲಕದ ಆ ಪುಟ್ಟ ಅಂಗಡಿಗಳ ಮುಂದೆ ರಾತ್ರಿ ದರ ಇಳಿಯುವ ಹೊತ್ತಿಗೆ ಸಾಲು ನಿಲ್ಲುತ್ತಿದ್ದವರು ಇಂದಿನ ಮಧ್ಯವಯಸ್ಕರು. ಮನೆಯಲ್ಲಿ ಫೋನಿಲ್ಲದವರ ವಿಸಿಟಿಂಗ್ ಕಾರ್ಡುಗಳಲ್ಲಿ, ಮದುವೆಯ ಕರೆಯೋಲೆಗಳಲ್ಲಿ ಪಕ್ಕದ ಮನೆಯ ಸಂಖ್ಯೆ ಅಚ್ಚಾಗಿ, ಅದರ ಮುಂದೆ ‘ಪಿ.ಪಿ.’ ಎಂದಿರುತ್ತಿತ್ತು. ಕರೆ ಬಂದರೆ ಆ ಮನೆಯ ಹುಡುಗ ಓಡಿಬಂದು, ‘ಅತ್ತೆ, ನಿಮಗೆ ಬೊಂಬಾಯಿಂದ ಫೋನು’ ಎಂದು ಕೂಗುತ್ತಿದ್ದ. ಮಾತು ಮುಗಿದ ಮೇಲೆ ಆ ಮನೆಯವರು ಕೇಳದೆ ಬಿಡುತ್ತಿರಲಿಲ್ಲ: ‘ಎಲ್ಲ ಕ್ಷೇಮವೇ?’

ಟೆಲಿಗ್ರಾಮಿನದೂ ಇದೇ ಕಥೆ. 2013ರ ಜುಲೈನಲ್ಲಿ ಆ ಸೇವೆ ನಿಲ್ಲುವವರೆಗೆ ಅದನ್ನು ತಂದುಕೊಡಲು ಒಬ್ಬ ಮನುಷ್ಯ ಬೇಕಾಗಿತ್ತು. ಸಾವಿನ ಸುದ್ದಿ ಇದ್ದರೆ ನೇರವಾಗಿ ಕೈಗಿಡಲು ಮನಸ್ಸು ಬಾರದೆ ನೆರೆಮನೆಯವರನ್ನು ಜೊತೆಗೆ ಕರೆದುಕೊಂಡು ಬರುವವರಿದ್ದರು. ಪತ್ರ ಓದಿ ಹೇಳುವ ಅಂಚೆಯವರಿದ್ದರು. ತಂತ್ರಜ್ಞಾನ ಆಗಲೂ ದೂರದವರನ್ನು ಹತ್ತಿರ ತರುತ್ತಿತ್ತು. ಆದರೆ ತರುವ ಹಾದಿಯಲ್ಲಿ ಒಬ್ಬಿಬ್ಬರು ನಿಂತಿರುತ್ತಿದ್ದರು. ಸುದ್ದಿಯೊಂದು ಮನೆಯೊಳಗೆ ಬರುವ ಮುನ್ನ ಇನ್ನೊಬ್ಬರ ಕಣ್ಣಿಗೆ, ಕಿವಿಗೆ ಬಿದ್ದೇ ಬರುತ್ತಿತ್ತು.

1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. 2003ರಲ್ಲಿ ಒಳಬರುವ ಕರೆಗಳು ಉಚಿತವಾದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಇಂಟರ್‌ನೆಟ್ ದರ ಕುಸಿದು, ವಿಡಿಯೊ ಕರೆ ಸಾಮಾನ್ಯರ ಕೈಗೆಟುಕಿತು. ಅದೇ ವರ್ಷ ಆರಂಭವಾದ ಯುಪಿಐ ವ್ಯವಸ್ಥೆ ಬ್ಯಾಂಕಿನ ಕೌಂಟರನ್ನು ಅಂಗೈಗೆ ತಂದಿತು. ಒಂದೊಂದು ಹೆಜ್ಜೆಯೂ ನಡುವೆ ನಿಂತಿದ್ದ ಒಬ್ಬೊಬ್ಬರನ್ನು ಪಕ್ಕಕ್ಕೆ ಸರಿಸಿತು. ಪಕ್ಕದ ಮನೆಯ ಹುಡುಗ ಹೋದ, ಬೂತಿನ ಮಾಲೀಕ ಹೋದ, ಅಂಚೆಯವನ ಭೇಟಿ ವಿರಳವಾಯಿತು, ಬ್ಯಾಂಕಿನ ಗುಮಾಸ್ತನ ಮುಖ ಕಾಣುವ ಅಗತ್ಯ ತಪ್ಪಿತು. ಇಂದು ಅಪರಿಚಿತನೊಬ್ಬನ ಧ್ವನಿ ಎಲ್ಲಿಯೂ ತಡೆಯಿಲ್ಲದೆ ನೇರವಾಗಿ ನಮ್ಮ ಮಲಗುವ ಕೋಣೆಗೆ ಬರುತ್ತದೆ. ಅದಕ್ಕೆ ಸಾಕ್ಷಿ ಯಾರೂ ಇಲ್ಲ.

ಮೊದಲ ಗ್ರಾಮೀಣ ವಿನಿಮಯ ಕೇಂದ್ರ ಬಂದ ಅದೇ ಬೆಳಗಾವಿ ಜಿಲ್ಲೆಯಲ್ಲಿ, 2025ರ ಮಾರ್ಚ್‌ನಲ್ಲಿ, ಇಂಥ ಕರೆಗಳಿಗೆ ಸಿಲುಕಿ ಹಣ ಕಳೆದುಕೊಂಡು, ಬೆದರಿಕೆ ತಾಳಲಾರದೆ ವೃದ್ಧ ದಂಪತಿ ಪ್ರಾಣ ಕಳೆದುಕೊಂಡರು. ಸತ್ತ ಮೇಲೆಯೇ ಊರಿಗೆ ವಿಷಯ ತಿಳಿದದ್ದು.

ಗಳಿಕೆಯೂ ಸುಳ್ಳಲ್ಲ

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಿಟ್ಟುಸಿರಿಡುವುದು ವಸ್ತುಸ್ಥಿತಿಗೆ ಮಾಡುವ ಅನ್ಯಾಯ. ನಡುವೆ ನಿಂತಿದ್ದ ಮನುಷ್ಯ ಸದಾ ಹಿತೈಷಿಯೇ ಆಗಿರಲಿಲ್ಲ. ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಣ್ಣುಮಗಳು ಅತ್ತೆಯ ಎದುರು, ಬೂತಿನ ಸಾಲಿನಲ್ಲಿ ನಿಂತವರ ಎದುರು ತವರಿಗೆ ಏನು ತಾನೇ ಹೇಳಬಲ್ಲವಳಾಗಿದ್ದಳು? ಪಕ್ಕದ ಮನೆಯ ಫೋನು ಎಲ್ಲ ಜಾತಿಯವರನ್ನೂ ಒಂದೇ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಪ್ರೀತಿಸಿದವರ ಪತ್ರಗಳು ಮನೆಯವರ ಕೈಗೆ ಸಿಕ್ಕಿ ಎಷ್ಟು ಬಾಳು ಹಾಳಾದವೋ ಲೆಕ್ಕವಿಲ್ಲ. ತನ್ನದೇ ಫೋನು, ತನ್ನದೇ ಖಾತೆ ಎಂಬುದು ಲಕ್ಷಾಂತರ ಮಹಿಳೆಯರಿಗೆ ದೊರೆತ ನಿಜವಾದ ಸ್ವಾತಂತ್ರ್ಯ. ಅದನ್ನು ಕಿತ್ತುಕೊಳ್ಳುವ ಯಾವ ಪರಿಹಾರವೂ ಪರಿಹಾರವಾಗದು.

ದೂರದ ಸಂಬಂಧಗಳನ್ನು ಉಳಿಸಿದ್ದೂ ಇದೇ ಫೋನು. ಕ್ಯಾಲಿಫೋರ್ನಿಯಾದಲ್ಲೋ ದುಬೈಯಲ್ಲೋ ಇರುವ ಮಗನಿಗೆ ಮೊಮ್ಮಗುವಿನ ಮೊದಲ ಹೆಜ್ಜೆಯನ್ನು ಹಾಸನದ ಅಜ್ಜಿಗೆ ತೋರಿಸಲು ಈಗ ಕಾಸು ಖರ್ಚಿಲ್ಲ. 2020ರ ಲಾಕ್‌ಡೌನಿನಲ್ಲಿ ಆಸ್ಪತ್ರೆಯ ಒಳಗಿದ್ದವರು ಮನೆಯವರ ಮುಖ ನೋಡಿದ್ದು ಈ ಪರದೆಯಲ್ಲಿಯೇ.

ತೊಂದರೆ ಇರುವುದು ನಾವು ಈ ಸೌಕರ್ಯವನ್ನು ಯಾವುದಕ್ಕೆ ಬದಲಾಗಿ ಇಟ್ಟುಕೊಂಡೆವು ಎಂಬುದರಲ್ಲಿ. ವಾರಕ್ಕೊಮ್ಮೆ, ಭಾನುವಾರ ಸಂಜೆ, ಅಲ್ಲಿ ಬೆಳಗಾಗುವ ಹೊತ್ತಿಗೆ ಕರೆ ಬರುತ್ತದೆ. ‘ಅಮ್ಮ, ಊಟ ಆಯ್ತಾ?’ ‘ಆಯ್ತು ಕಣಪ್ಪ, ನಿಂದು?’ ‘ಮಾತ್ರೆ ತಗೊಂಡ್ಯಾ?’ ‘ತಗೊಂಡೆ.’ ಪರದೆಯಲ್ಲಿ ಮುಖ ಕಾಣುತ್ತದೆ. ಮುಖದ ಹಿಂದಿನ ಕೋಣೆಯಲ್ಲಿ ಮೂರು ದಿನದಿಂದ ತೆಗೆಯದ ಕಿಟಕಿ ಕಾಣುವುದಿಲ್ಲ. ಮಗನನ್ನು ಗಾಬರಿಪಡಿಸಬಾರದೆಂದು ತಾಯಿ, ತಾಯಿಯನ್ನು ನೋಯಿಸಬಾರದೆಂದು ಮಗ ಇಬ್ಬರೂ ‘ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಆ ಮಾತಿನ ಆಚೆ ಏನಿದೆ ಎಂದು ತಿಳಿಯಲು ಆ ಬೀದಿಯಲ್ಲಿಯೇ ಇರುವವರೊಬ್ಬರು ಬೇಕು. ಅವರನ್ನು ಮಾತಾಡಿಸುವ ರೂಢಿ ಮಾತ್ರ ತಪ್ಪಿಹೋಗಿದೆ.

ಒಂಟಿತನವೇ ಬಂಡವಾಳ

ಹಿರಿಯರ ಕುರಿತು ಕೇಂದ್ರ ಸರ್ಕಾರ 2017-18ರಲ್ಲಿ ನಡೆಸಿದ ಲಾಸಿ ಸಮೀಕ್ಷೆಯ ಪ್ರಕಾರ, ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು ಆರು ಮಂದಿ ಒಂಟಿಯಾಗಿ ಬದುಕುತ್ತಿದ್ದಾರೆ. ಇನ್ನೂ ಹೆಚ್ಚಿನವರು ಗಂಡ-ಹೆಂಡತಿ ಇಬ್ಬರೇ. ಮೈಸೂರಿನ ಕುವೆಂಪುನಗರದಲ್ಲೋ ಬೆಂಗಳೂರಿನ ಜಯನಗರದಲ್ಲೋ ಸಂಜೆ ನಡೆದುಹೋದರೆ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ದೊಡ್ಡ ಮನೆ, ಒಂದೇ ದೀಪ. ಪಿಂಚಣಿ ಇದೆ, ನಿಶ್ಚಿತ ಠೇವಣಿ ಇದೆ, ಮಾತನಾಡಲು ಜನ ಇಲ್ಲ. ವಂಚಕನಿಗೆ ಇದಕ್ಕಿಂತ ಅನುಕೂಲವಾದ ಮನೆ ಇನ್ನಾವುದು?

ಇನ್ನೊಂದು ಸೂಕ್ಷ್ಮವೂ ಇದೆ. ಬದುಕಿನುದ್ದಕ್ಕೂ ತೆರಿಗೆ ಕಟ್ಟಿ, ಸಾಲಿನಲ್ಲಿ ನಿಂತು, ಸರ್ಕಾರದ ಕಾಗದಕ್ಕೆ ಬೆಲೆ ಕೊಟ್ಟ ತಲೆಮಾರು ಇದು. ಅಂಥವರಿಗೆ ಸೆರೆಮನೆಗಿಂತ ದೊಡ್ಡ ಭಯ ಮಾನಹಾನಿಯದು. ‘ಈ ವಯಸ್ಸಿನಲ್ಲಿ ಪೊಲೀಸರು ಬಾಗಿಲಿಗೆ ಬಂದರೆ ಬೀದಿಯವರು ಏನೆಂದಾರು?’ ಎಂಬ ಅಂಜಿಕೆಯೇ ಅವರ ಬಾಯಿ ಕಟ್ಟುತ್ತದೆ. ಹಣ ಹೋದ ಮೇಲೂ ಅದೇ ಅಂಜಿಕೆ. ‘ಇಷ್ಟು ಓದಿಯೂ ಮೋಸಹೋದೆಯಾ?’ ಎಂದು ಮಕ್ಕಳೇ ಕೇಳಿಯಾರು ಎಂದು ದೂರು ಕೊಡದೆ ಉಳಿದವರು ಎಷ್ಟು ಮಂದಿಯೋ. ಸೈಬರ್ ವಂಚನೆಯಲ್ಲಿ ಮೊದಲ ಕೆಲವು ಗಂಟೆಗಳು ಅಮೂಲ್ಯ. 1930 ಸಹಾಯವಾಣಿಗೆ ಬೇಗ ದೂರು ಹೋದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಕಳೆದ ಒಂದು ರಾತ್ರಿ ವಂಚಕನಿಗೆ ನಾವು ಕೊಟ್ಟ ಉಡುಗೊರೆ.

ಆದ್ದರಿಂದ ಮೋಸಹೋದವರನ್ನು ಕಂಡು ನಗುವವರೂ ಈ ಅಪರಾಧದಲ್ಲಿ ತಿಳಿಯದೆಯೇ ಪಾಲುದಾರರು. ‘ಯಾರಿಗೂ ಹೇಳಬೇಡಿ’ ಎಂಬ ಮಾತಿಗೆ ಬಲ ಬರುವುದು ಹೇಳಿಕೊಂಡವರನ್ನು ನಾವು ನಡೆಸಿಕೊಳ್ಳುವ ರೀತಿಯಿಂದ.

ಆ ತುದಿಯಲ್ಲಿರುವವರು

ಕರೆಯ ಮತ್ತೊಂದು ತುದಿಯಲ್ಲಿ ಕುಳಿತವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಈ ಚಿತ್ರ ಅಪೂರ್ಣ. ಕಾಂಬೋಡಿಯ, ಮ್ಯಾನ್ಮಾರ್, ಲಾವೋಸ್ ದೇಶಗಳ ಬೇಲಿ ಸುತ್ತಿದ ಆವರಣಗಳಲ್ಲಿ ಈ ವಂಚನೆ ಉದ್ಯಮವಾಗಿ ನಡೆಯುತ್ತಿದೆ. ಡಾಟಾ ಎಂಟ್ರಿ ಕೆಲಸ, ಒಳ್ಳೆಯ ಸಂಬಳ ಎಂದು ನಂಬಿ ವಿಮಾನ ಹತ್ತಿದ ನಮ್ಮದೇ ದೇಶದ ಯುವಕರು ಅಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡು, ಹೊಡೆತ ತಿಂದು, ದಿನಕ್ಕಿಷ್ಟು ಜನರನ್ನು ವಂಚಿಸಲೇಬೇಕೆಂಬ ಗುರಿಯಡಿ ದುಡಿದಿದ್ದಾರೆ. 2025ರ ಮಾರ್ಚ್ 10 ಮತ್ತು 11ರಂದು ವಾಯುಪಡೆಯ ಎರಡು ವಿಮಾನಗಳಲ್ಲಿ ಥಾಯ್ಲೆಂಡ್ ಮೂಲಕ ಕರೆತಂದ 549 ಭಾರತೀಯರು ಮ್ಯಾನ್ಮಾರ್ ಗಡಿಯ ಇಂಥ ಕೇಂದ್ರಗಳಿಂದ ಬಿಡುಗಡೆಯಾದವರು.

ಅಂದರೆ ಕೆಲವು ಕರೆಗಳಲ್ಲಿ ಎರಡೂ ತುದಿಯಲ್ಲಿ ಸೆರೆಯಾಳುಗಳೇ ಇದ್ದರು. ಒಬ್ಬನು ಬೇಲಿಯೊಳಗೆ, ಮತ್ತೊಬ್ಬರು ತಮ್ಮದೇ ಮನೆಯೊಳಗೆ. ಇಬ್ಬರಿಗೂ ಇದ್ದ ಆಜ್ಞೆ ಒಂದೇ, ಹೊರಗಿನವರಿಗೆ ಸುಳಿವು ಕೊಡಬಾರದು.

ಮಾಡಬೇಕಾದ್ದೇನು?

ಸರ್ಕಾರ ಕೈಕಟ್ಟಿ ಕುಳಿತಿದೆ ಎನ್ನಲಾಗದು. 2024ರ ಅಕ್ಟೋಬರ್ 27ರ ‘ಮನದ ಮಾತು’ ಕಾರ್ಯಕ್ರಮದಲ್ಲಿ ಪ್ರಧಾನಿಯವರು ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ವಂಚಕ ಕರೆಯ ಸಂಭಾಷಣೆಯನ್ನು ದೇಶಕ್ಕೆ ಕೇಳಿಸಿ ಎಚ್ಚರಿಸಿದರು. ಕೆಲಕಾಲ ಪ್ರತಿ ಕರೆಗೂ ಮುನ್ನ ಎಚ್ಚರಿಕೆಯ ಧ್ವನಿಮುದ್ರಣ ಕೇಳಿಬಂತು. ಲಕ್ಷಾಂತರ ಸಿಮ್‌ಗಳನ್ನು ಸ್ಥಗಿತಗೊಳಿಸಲಾಗಿದೆ. ದೇಶದ ಮೊದಲ ಸೈಬರ್ ಅಪರಾಧ ಠಾಣೆಯನ್ನು 2001ರಲ್ಲಿ ತೆರೆದ ಕರ್ನಾಟಕ, 2025ರಲ್ಲಿ ಪ್ರತ್ಯೇಕ ಸೈಬರ್ ಕಮಾಂಡ್ ಘಟಕವನ್ನೂ ರಚಿಸಿತು. ಆದರೂ ದೇಶದಲ್ಲಿ ಎಲ್ಲ ಬಗೆಯ ಸೈಬರ್ ವಂಚನೆಗಳಲ್ಲಿ ನಾಗರಿಕರು ಕಳೆದುಕೊಂಡ ಹಣ 2023ರ 7,465 ಕೋಟಿಯಿಂದ 2024ರಲ್ಲಿ 22,845 ಕೋಟಿ ರೂಪಾಯಿಗೆ ಏರಿತು. ಎಚ್ಚರಿಕೆಯ ಮಾತೊಂದರಿಂದಲೇ ಕೆಲಸ ಆಗದು ಎಂಬುದಕ್ಕೆ ಇದು ಸಾಕ್ಷಿ. ಎಚ್ಚರಿಕೆ ಕೇಳುವಾಗ ಮನುಷ್ಯ ಸ್ವಸ್ಥನಾಗಿರುತ್ತಾನೆ, ಕರೆ ಬಂದಾಗ ಭಯದಲ್ಲಿರುತ್ತಾನೆ. ಭಯದಲ್ಲಿರುವವನಿಗೆ ಬೇಕಾದುದು ಇನ್ನೊಬ್ಬ ಮನುಷ್ಯ.

ಕೆಲವು ದೇಶಗಳು ಈ ದಿಕ್ಕಿನಲ್ಲಿ ಯೋಚಿಸಿವೆ. ಅಮೆರಿಕದ ಷೇರು ದಲ್ಲಾಳಿ ಸಂಸ್ಥೆಗಳು 2018ರಿಂದ ಗ್ರಾಹಕರನ್ನು ‘ನಂಬಿಕೆಯ ಒಬ್ಬ ವ್ಯಕ್ತಿ’ಯ ಹೆಸರು ಕೊಡುವಂತೆ ಕೇಳಬೇಕು, ಸಂಶಯ ಬಂದಾಗ ಅವರನ್ನು ಸಂಪರ್ಕಿಸಬಹುದು. ಬ್ರಿಟನ್ನಿನಲ್ಲಿ 2016ರಲ್ಲಿ ಆರಂಭವಾದ ವ್ಯವಸ್ಥೆಯಂತೆ, ಗ್ರಾಹಕರ ವರ್ತನೆ ಅನುಮಾನ ಹುಟ್ಟಿಸಿದರೆ ಬ್ಯಾಂಕ್ ಸಿಬ್ಬಂದಿ ನೇರವಾಗಿ ಪೊಲೀಸರನ್ನು ಕರೆಸಬಹುದು. 2024ರ ಅಕ್ಟೋಬರ್‌ನಿಂದ ಸಂಶಯಾಸ್ಪದ ಪಾವತಿಯನ್ನು ಹೆಚ್ಚುವರಿ 72 ಗಂಟೆಗಳವರೆಗೆ ತಡೆಹಿಡಿಯುವ ಅಧಿಕಾರವೂ ಅಲ್ಲಿನ ಬ್ಯಾಂಕುಗಳಿಗಿದೆ. ಸಿಂಗಪುರ ಇನ್ನೂ ಮುಂದೆ ಹೋಗಿ, ಮೋಸಹೋಗುತ್ತಿದ್ದೇನೆಂದು ಒಪ್ಪದವರ ಖಾತೆಯನ್ನು ಪೊಲೀಸರೇ ತಾತ್ಕಾಲಿಕವಾಗಿ ನಿರ್ಬಂಧಿಸುವ ಕಾನೂನನ್ನು 2025ರ ಜುಲೈನಿಂದ ಜಾರಿಗೆ ತಂದಿತು.

ಇವುಗಳಲ್ಲಿ ಒಂದೊಂದೂ, ಕಳೆದುಹೋದ ಆ ನಡುವಿನ ಮನುಷ್ಯನನ್ನು ನಿಯಮದ ರೂಪದಲ್ಲಿ ಮರಳಿ ತರುವ ಯತ್ನ. ನಮ್ಮಲ್ಲೂ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರು ಸಾವಧಾನದಿಂದ ಕೇಳಿದ ಒಂದು ಪ್ರಶ್ನೆಯಿಂದ ಹಿರಿಯರ ಠೇವಣಿ ಉಳಿದ ಪ್ರಕರಣಗಳು ಪತ್ರಿಕೆಗಳಲ್ಲಿ ವರದಿಯಾಗಿವೆ. ಆ ಪ್ರಶ್ನೆ ಕೇಳುವುದು ಸಿಬ್ಬಂದಿಯ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಬಾರದು, ಕೆಲಸದ ಭಾಗವಾಗಬೇಕು. ವರ್ಷಗಟ್ಟಲೆ ಅಲುಗದ ಠೇವಣಿಯನ್ನು ಒಂದೇ ದಿನ ಮುರಿದು ಅಪರಿಚಿತ ಖಾತೆಗೆ ಕಳುಹಿಸುವಾಗ ಒಂದು ರಾತ್ರಿಯ ಬಿಡುವು ಇದ್ದರೆ ಯಾರ ಸ್ವಾತಂತ್ರ್ಯವೂ ಹೋಗುವುದಿಲ್ಲ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಹಿರಿಯರ ಹಣದ ಮೇಲೆ ಕಣ್ಣಿಡುವವರು ಹೊರಗಿನವರು ಮಾತ್ರವಲ್ಲ. ಹೆತ್ತವರಿಂದ ಆಸ್ತಿ ಬರೆಸಿಕೊಂಡು ಬೀದಿಗೆ ತಳ್ಳಿದ ಮಕ್ಕಳ ಕಾರಣದಿಂದಲೇ 2007ರಲ್ಲಿ ಪೋಷಕರ ಪಾಲನೆಯ ಕಾಯ್ದೆ ಬಂದದ್ದು. ಆದ್ದರಿಂದ ಆ ‘ನಂಬಿಕೆಯ ವ್ಯಕ್ತಿ’ ಯಾರೆಂದು ಹಿರಿಯರೇ ನಿರ್ಧರಿಸಬೇಕು. ಆತ ಮಗನೇ ಆಗಬೇಕಿಲ್ಲ; ಗೆಳೆಯನಾಗಬಹುದು, ನೆರೆಯವರಾಗಬಹುದು. ಆತನಿಗೆ ವಿಷಯ ತಿಳಿಯುವ ಹಕ್ಕಿರಲಿ, ಹಣ ಮುಟ್ಟುವ ಅಧಿಕಾರ ಬೇಡ.

ಮನೆಯ ಮಟ್ಟಿಗೆ ನಿಯಮ ಇನ್ನೂ ಸರಳ. ಯಾರೇ ಆಗಲಿ ‘ಯಾರಿಗೂ ಹೇಳಬೇಡಿ’ ಎಂದರೆ, ಆ ಕರೆಯನ್ನು ಅಲ್ಲಿಗೇ ಕಡಿದು ಮೊದಲು ಸಿಕ್ಕವರಿಗೆ ಹೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಾತನಾಡಲು ಯಾರೂ ಇಲ್ಲವೆನಿಸಿದರೆ ಹಿರಿಯರಿಗಾಗಿ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಿಂದ ನಡೆಸಿಕೊಂಡು ಬಂದಿರುವ 1090 ಇದೆ. ದೂರದಲ್ಲಿರುವ ಮಕ್ಕಳು ತಂದೆ ತಾಯಿಗೆ ಹೊಸ ಫೋನು ಕೊಡಿಸುವಾಗ ಇನ್ನೊಂದು ಕೆಲಸವನ್ನೂ ಮಾಡಬಹುದು. ಪಕ್ಕದ ಮನೆಯವರ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡು, ಹಬ್ಬಕ್ಕೊಮ್ಮೆಯಾದರೂ ಅವರೊಡನೆ ಮಾತನಾಡಬಹುದು. ಒಂದು ಕಾಲದಲ್ಲಿ ಆ ಸಂಖ್ಯೆಯ ಮುಂದೆ ‘ಪಿ.ಪಿ.’ ಎಂದು ಬರೆಯುತ್ತಿದ್ದೆವು.

ಸಿಬಿಐ ತನಿಖೆಯಿಂದ ಜಾಲದ ದೊಡ್ಡ ಕುಳಗಳು ಸಿಕ್ಕಿಬೀಳಲಿ ಎಂದು ಹಾರೈಸೋಣ. ಆದರೆ ಒಂದು ವೇಷ ಬಯಲಾದರೆ ಇನ್ನೊಂದು ವೇಷದಲ್ಲಿ ಕರೆ ಬಂದೇ ಬರುತ್ತದೆ. ಧ್ವನಿಯನ್ನೂ ಮುಖವನ್ನೂ ಯಂತ್ರವೇ ಅನುಕರಿಸುವ ಈ ಕಾಲದಲ್ಲಿ ನಾಳೆ ಮಗನ ಧ್ವನಿಯಲ್ಲಿಯೇ ಬಂದೀತು. ಆಗ ಅಸಲಿ ಯಾವುದು ಎಂದು ತಿಳಿಯಲು ಪರದೆಯ ಆಚೆಗೆ, ಬಾಗಿಲ ಬಳಿ, ಹೆಸರು ಹಿಡಿದು ಕರೆಯುವವರೊಬ್ಬರು ಇರಬೇಕು. ಇಂದು ಸಂಜೆ ಮನೆಗೆ ಮರಳುವಾಗ ನಿಮ್ಮ ಬೀದಿಯಲ್ಲಿ ಎರಡು ದಿನದಿಂದ ಕಾಣದ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ನೆನಪಿಸಿಕೊಳ್ಳಿ. ಇದ್ದರೆ ಬಾಗಿಲು ತಟ್ಟಿ.